ರಸ್ತೆಯ ಮೇಲೆ ಗುರುತಿರಲಿಲ್ಲ

ಮೊಂತೆವಿದೇವೊ
೬ ಏಪ್ರಿಲ್ ೧೯೮೭

ಪ್ರಿಯ ದೋನ್ ಎಲಾದಿಯೋ ಅವರಿಗೆ,

ನಿಮಗೆ ನನ್ನ ನೆನಪಿದೆಯೋ ಇಲ್ಲವೋ. ನಿಮ್ಮ ಗರಾಜಿನ ಬಾಗಿಲಲ್ಲಿ ಕೂತು ಬೋಲ್ಟುಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸುತ್ತಿದ್ದ ಹುಡುಗಿ, ಮುರಿಯೆಲ್. ಮಾಂಸದ ಕಾರ್ಖಾನೆಯ ಇಂಗ್ಲಿಷ್ ಎಂಜಿನಿಯರ್ ಸಿರಿಲ್ ಹ್ಯಾಡ್ಲಿಯ ಮಗಳು. ಈಗ ಇಲ್ಲಿ ಎಂಜಿನಿಯರಿಂಗ್ ಮೊದಲ ವರ್ಷ. ಈ ಪತ್ರವನ್ನು ನಾಲ್ಕನೇ ಸಲ ಬರೆಯುತ್ತಿದ್ದೇನೆ. ತಪ್ಪಾಗಿದ್ದರೆ ಕ್ಷಮಿಸಿ.

ಈಡಿತ್ ಅತ್ತೆ ಫೆಬ್ರವರಿಯಲ್ಲಿ ತೀರಿಕೊಂಡರು. ಅಪ್ಪನ ಆ ಎರಡು ಸೀಟಿನ ಹಸಿರು ಕಾರನ್ನು ನನ್ನ ಹೆಸರಿಗೆ ಬರೆದಿಟ್ಟಿದ್ದಾರೆ. ಅಪ್ಪ ತೀರಿಕೊಂಡ ಆ ಅಪಘಾತವಾದ ಮೇಲೆ ಲಾರಿಯಲ್ಲಿ ಹಾಕಿಸಿ ತಂದು, ಹನ್ನೊಂದು ವರ್ಷ ತಮ್ಮ ಶೆಡ್ಡಿನಲ್ಲಿ ಟಾರ್ಪಾಲು ಹೊದಿಸಿ ಇಟ್ಟುಕೊಂಡಿದ್ದರು. ಮುಂದಿನ ಮಡ್‌ಗಾರ್ಡ್ ಎರಡೂ ನುಜ್ಜುಗುಜ್ಜಾಗಿವೆ, ಸೀಟಿನಲ್ಲಿ ಇಲಿ ಸಂಸಾರ. ಉಳಿದದ್ದೆಲ್ಲ ಹಾಗೇ ಇದೆ. ಸೆಪ್ಟೆಂಬರಿನಲ್ಲಿ ಅಮ್ಮ ಅತ್ತೆಯ ಮನೆಯ ಪತ್ರಗಳಿಗೆ ಸಹಿ ಹಾಕಲು ಇಲ್ಲಿಗೆ ಬರುತ್ತಾಳೆ. ಕಾರು ಕಂಡರೆ ಅವತ್ತೇ ಗುಜರಿಗೆ. ಅದಕ್ಕೇ ಇನ್ನೂ ಹೇಳಿಲ್ಲ. ದಯವಿಟ್ಟು ನೀವೂ ಹೇಳಬೇಡಿ.

ಕಾರನ್ನು ಮತ್ತೆ ಓಡುವ ಹಾಗೆ ಮಾಡಬೇಕು, ದಾರಿ ತೋರಿಸಿ. ಅದರ ಜೀವ ಬಲ್ಲವರು ನೀವೊಬ್ಬರೇ.

ಇನ್ನೊಂದಿದೆ. ಇದನ್ನು ಬರೆಯಲಾಗದೇ ಮೂರು ಪತ್ರ ಹರಿದೆ. ಪಾಯ್ಸಂದೂ ರಸ್ತೆಯ ಹೊಳೆ ತಿರುವಿನಲ್ಲಿ ಟೈರು ಉಜ್ಜಿದ ಗುರುತೇ ಇರಲಿಲ್ಲ ಎಂದು ಪೊಲೀಸರು ಬರೆದರು. ಆ ತಿಂಗಳೇ ಅಪ್ಪನ ಕೈಗೆ ಕೆಲಸದಿಂದ ತೆಗೆದ ಕಾಗದ ಬಂದಿತ್ತು. ಹಾಸ್ಟೆಲಿಗೆ ಹೋದ ಮೊದಲ ವಾರವೇ ಪಕ್ಕದ ಮಂಚದ ಹುಡುಗಿ ಕೇಳಿದಳು: "ನಿಮ್ಮಪ್ಪ ಬೇಕಂತಲೇ ಬ್ರೇಕ್ ಹಾಕ್ಲಿಲ್ವಂತೆ, ಹೌದಾ?" ನನಗೆ ಆಗ ಏಳು ವರ್ಷ. ಅಮ್ಮನನ್ನು ಕೇಳಿದೆ. ಅವಳು ಹೌದೆನ್ನಲಿಲ್ಲ, ಇಲ್ಲವೆನ್ನಲೂ ಇಲ್ಲ.

ಕೊನೆಯ ಸಲ ಆ ಕಾರಿನ ಕೆಲಸ ಮಾಡಿದ್ದು ನೀವು. ಅಪ್ಪ ಬ್ರೇಕ್ ಒತ್ತಿದರೋ ಇಲ್ಲವೋ? ನನಗೆ ಬೇಕಿರುವುದು ಇಷ್ಟೇ.

ಮುರಿಯೆಲ್ ಹ್ಯಾಡ್ಲಿ


ಫ್ರಾಯ್ ಬೆಂತೋಸ್
೧೭ ಏಪ್ರಿಲ್ ೧೯೮೭

ಮಗಳೇ ಮುರಿಯೆಲ್,

ನೆನಪಿಲ್ಲದೆ ಏನು! ನೀನು ಜೋಡಿಸಿಟ್ಟ ಬೋಲ್ಟುಗಳಲ್ಲಿ ಒಂದನ್ನು ಎತ್ತಿಕೊಂಡರೆ ಬೀದಿಗೆ ಕೇಳುವ ಹಾಗೆ ಅಳುತ್ತಿದ್ದೆ. ನಿಮ್ಮಪ್ಪ ದೋನ್ ಸಿರಿಲೋ ಮಾಟೆ ಸೊಪ್ಪಿನ ಕಷಾಯ ಹೀರುತ್ತ, "ಎಲಾದಿಯೋ, ನನ್ನ ಮಗಳ ಕಾರ್ಖಾನೆಗೆ ಕೈ ಹಾಕ್ಬೇಡ" ಎನ್ನುತ್ತಿದ್ದರು. ನಮ್ಮ ಮಾಟೆಯನ್ನು ಅಷ್ಟು ಕಹಿಯಾಗಿ ಕುಡಿದ ಇಂಗ್ಲಿಷರವನನ್ನು ನಾನು ಬೇರೆ ಕಾಣೆ.

ಕೆಲಸಕ್ಕೆ ಬರೋಣ. ಅವಸರದಲ್ಲಿ ಚಾವಿ ತಿರುಗಿಸಬೇಡ. ಪ್ಲಗ್ ನಾಲ್ಕನ್ನೂ ಬಿಚ್ಚಿ, ಒಂದೊಂದು ತೂತಿಗೆ ಎರಡು ಚಮಚ ಎಣ್ಣೆ ಬಿಟ್ಟು, ಮೂರು ದಿನ ಮರೆತುಬಿಡು. ಆಮೇಲೆ ಮುಂದಿನ ಹ್ಯಾಂಡಲ್ ಹಾಕಿ ಕೈಯಲ್ಲೇ ತಿರುಗಿಸು. ಬರಲಿಲ್ಲವೆಂದರೆ ಜಗಳಕ್ಕೆ ಹೋಗಬೇಡ, ಇನ್ನೂ ಮೂರು ದಿನ ಕಾಯಿ. ಪೆಟ್ರೋಲ್ ಟ್ಯಾಂಕ್ ಇಳಿಸಿ ಎರಡು ಹಿಡಿ ಜಲ್ಲಿಯನ್ನೂ ಸೀಮೆಎಣ್ಣೆಯನ್ನೂ ಹಾಕಿ ಮಗು ತೂಗುವ ಹಾಗೆ ತೂಗು. ತುಕ್ಕು ಕೆಂಪಗೆ ಇಳಿಯುತ್ತದೆ, ಸೀಮೆಎಣ್ಣೆ ಬದಲಿಸುತ್ತ, ಅದು ತಿಳಿಯಾಗುವವರೆಗೂ ತೂಗುತ್ತಿರು. ವೈರು ಇಲಿ ಕಡಿದಿದ್ದರೆ ಗಂಟು ಹಾಕಬೇಡ, ಪೂರಾ ಎಳೆದು ಹೊಸದು ಹಾಕು. ಮಡ್‌ಗಾರ್ಡ್ ಬಡಿಯುವಾಗ ಒಳಗಿನಿಂದ ಮರಳಿನ ಚೀಲ ಒತ್ತಿಹಿಡಿ.

ಬ್ರೇಕ್ ಸಾಮಾನು ಮಾತ್ರ ಬಿಚ್ಚಲು ಹೋಗಬೇಡ. ಸಿಲಿಂಡರಿನಿಂದ ಪೈಪಿನವರೆಗೆ ಇಡಿಯಾಗಿ ತೆಗೆದು ಎಸೆ. ಹಳೆಯ ರಬ್ಬರನ್ನು ನೋಡಿ ಏನಾಗಬೇಕು.

ನಿನ್ನ ಇನ್ನೊಂದು ಮಾತಿಗೆ ಏನು ಹೇಳಲಿ. ಸತ್ತವರ ಕಾಲು ಎಲ್ಲಿತ್ತು ಎಂದು ಬದುಕಿದವರು ಕೇಳಬಾರದು, ಮಗಳೇ. ಚೆನ್ನಾಗಿ ಓದು. ನಿಮ್ಮಮ್ಮ ದೋನ್ಯಾ ಸೆಲ್ವಾ ಅವರಿಗೆ ನಾನು ಏನೂ ಹೇಳುವುದಿಲ್ಲ.

ಎಲಾದಿಯೋ ಬೆಂತಾಂಕೋರ್


ಮೊಂತೆವಿದೇವೊ
೩ ಮೇ ೧೯೮೭

ಪ್ರಿಯ ದೋನ್ ಎಲಾದಿಯೋ,

ಎಂಜಿನ್ ತಿರುಗಿತು! ಒಂಬತ್ತು ದಿನ ಕಾದೆ. ಹತ್ತನೇ ದಿನ ಹ್ಯಾಂಡಲಿಗೆ ಭುಜ ಕೊಟ್ಟಾಗ ಒಳಗೆ ಯಾರೋ ಮುದುಕರು ನಿದ್ದೆಯಲ್ಲಿ ಮಗ್ಗಲು ಬದಲಿಸಿದ ಹಾಗೆ ಒಂದು ಸದ್ದು, ಆಮೇಲೆ ಸಲೀಸು. ಖುಷಿಗೆ ಕೂಗಿದೆ. ಆಮೇಲೆ ಕಾರಿನ ಪಕ್ಕ ನೆಲದ ಮೇಲೆ ಕೂತುಬಿಟ್ಟೆ. ಅದು ತಿರುಗದೇ ಇದ್ದಿದ್ದರೇ ಚೆನ್ನಾಗಿತ್ತು ಅಂತಲೂ ಅನಿಸಿತು.

ಕ್ಲಾಸಿನಲ್ಲಿ ನಾವು ಹುಡುಗಿಯರು ಮೂವರೇ. ನನ್ನ ಉಗುರಿನ ಕಪ್ಪು ನೋಡಿ ಹಿಂದಿನ ಬೆಂಚಿನವರು, "ಏನಮ್ಮಾ ಇಂಗ್ಲೆಂಡಿನ ರಾಣಿ, ಆಲೂಗಡ್ಡೆ ಕೀಳೋಕೆ ಹೋಗಿದ್ಯಾ?" ಎನ್ನುತ್ತಾರೆ. "ಹೌದು, ನಿಮ್ಮ ತಲೇಲಿ ಬೆಳೆದಿತ್ತಲ್ಲ, ಕಿತ್ಕೊಂಡ್ಬಂದೆ" ಎಂದೆ. ಹೇಳಿದ ಮೇಲೆ ಇಡೀ ದಿನ ಹಿಂದಿನ ಬೆಂಚಿನ ಕಡೆ ತಿರುಗಲಿಲ್ಲ. ನಾನು ಹೀಗೆಯೇ.

ಒಂದು ಮಾತು. ನಿಮ್ಮ ಪತ್ರವನ್ನು ಎಷ್ಟು ಸಲ ಓದಿದೆನೋ. ಟ್ಯಾಂಕಿನ ಜಲ್ಲಿಗೆ ಅರ್ಧ ಪುಟ, ಮಡ್‌ಗಾರ್ಡಿಗೆ ಮರಳ ಚೀಲ, ಬ್ರೇಕಿಗೆ ಮಾತ್ರ "ಎಸೆ". ಬ್ರೇಕ್ ಸರಿಯಾಗಿತ್ತು ಅಂತ ನಿಮಗೆ ಗೊತ್ತು, ಅಲ್ಲವಾ? ನಾನು ಬಿಚ್ಚಿ ನೋಡಿದರೆ ನನಗೂ ಗೊತ್ತಾಗುತ್ತದೆ ಅಂತ ನಿಮಗೆ ಭಯ. ಬ್ರೇಕ್ ಸರಿಯಿದ್ದೂ ಗುರುತು ಬೀಳಲಿಲ್ಲ ಎಂದರೆ ಕಾಲು ಒತ್ತಲಿಲ್ಲ ಎಂದಷ್ಟೇ ಅರ್ಥ. ನನ್ನ ಮೇಲಿನ ಕನಿಕರಕ್ಕೆ ನೀವು ಸುಮ್ಮನಿದ್ದೀರಿ.

ನಾನು ಡ್ರೈವಿಂಗ್ ಕಲಿಯುತ್ತಿದ್ದೇನೆ. ಸಿಗ್ನಲ್ ಕೆಂಪಾದಾಗಲೆಲ್ಲ ನನ್ನ ಬಲಗಾಲನ್ನು ನಾನೇ ನೋಡಿಕೊಳ್ಳುತ್ತೇನೆ, ಅದು ಒತ್ತುತ್ತದೋ ಇಲ್ಲವೋ ಎಂದು. "ರಸ್ತೆ ನೋಡಮ್ಮಾ, ಚಪ್ಪಲಿ ಆಮೇಲೆ ನೋಡ್ಕೊಳ್ಳುವಂತೆ" ಎನ್ನುತ್ತಾರೆ ಕಲಿಸುವವರು. ಇಂಥದ್ದು ರಕ್ತದಲ್ಲಿ ಬರುತ್ತದಾ, ದೋನ್ ಎಲಾದಿಯೋ?

ಮುರಿಯೆಲ್


ಫ್ರಾಯ್ ಬೆಂತೋಸ್
೧೪ ಮೇ ೧೯೮೭

ಮಗಳೇ,

ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. ಎಂಜಿನ್ ಓಡಿದರೂ ಕಾರನ್ನು ಶೆಡ್ಡಿನ ಹೊಸ್ತಿಲು ದಾಟಿಸಬೇಡ. ಆಣೆ ಇಟ್ಟು ಹೇಳುತ್ತಿದ್ದೇನೆ.

ಶುಕ್ರವಾರದ ಬಸ್ಸಿನಲ್ಲಿ ನಿನಗೊಂದು ಪಾರ್ಸೆಲ್ ಬರುತ್ತದೆ. ಹೊಸ ಮಾಸ್ಟರ್ ಸಿಲಿಂಡರ್, ಚಕ್ರದ ಸಿಲಿಂಡರುಗಳು, ರಬ್ಬರ್ ಕಪ್ ಎಲ್ಲ ಇವೆ, ಜೊತೆಗೆ ಸೀಲ್ ಒಡೆಯದ ಎರಡು ಡಬ್ಬ ಬ್ರೇಕ್ ಆಯಿಲ್. ದುಡ್ಡಿನ ಮಾತು ಎತ್ತಬೇಡ. ಹಳೆಯದನ್ನೆಲ್ಲ ಅದೇ ಪೆಟ್ಟಿಗೆಯಲ್ಲಿ ತುಂಬಿ ಅದೇ ಬಸ್ಸಿಗೆ ವಾಪಸ್ ಹಾಕು. ನಾನೇ ಎಸೆಯುತ್ತೇನೆ.

ರಕ್ತದಲ್ಲಿ ಏನೂ ಬರುವುದಿಲ್ಲ. ಅಂಥ ಯೋಚನೆ ಬಿಡು.

ನಿಮ್ಮಮ್ಮ ನಿನ್ನೆ ಬೇಕರಿಯಲ್ಲಿ ಸಿಕ್ಕಿದ್ದರು. ಎಂದಿನ ಹಾಗೆ ಮೊದಲು ಅವರೇ ನಮಸ್ಕಾರ ಹೇಳಿದರು.

ಎಲಾದಿಯೋ


ಮೊಂತೆವಿದೇವೊ
೭ ಜೂನ್ ೧೯೮೭

ಪ್ರಿಯ ದೋನ್ ಎಲಾದಿಯೋ,

ಪಾರ್ಸೆಲ್ ತಲುಪಿತು. ಎಂಜಿನ್ ಹೊತ್ತಿಕೊಂಡಿತು. ಮೊದಲು ಕೆಮ್ಮು, ಆಮೇಲೆ ಶೆಡ್ಡು ತುಂಬ ನೀಲಿ ಹೊಗೆ, ಆಮೇಲೆ ಆ ಸದ್ದು. ಅಪ್ಪ ಮನೆಗೆ ಬರುತ್ತಿದ್ದ ಸದ್ದು. ನನ್ನ ಕಿವಿಗೆ ನೆನಪಿದೆ ಎಂದು ನನಗೇ ಗೊತ್ತಿರಲಿಲ್ಲ. ಒಂದು ನಿಮಿಷವೂ ಇರಗೊಡಲಿಲ್ಲ, ಆರಿಸಿಬಿಟ್ಟೆ.

ಹಳೆಯದನ್ನು ನಿಮಗೆ ಕಳಿಸಿಲ್ಲ. ಬ್ರೇಕಿನ ಎಣ್ಣೆ ತಳ್ಳುವ ಮಾಸ್ಟರ್ ಸಿಲಿಂಡರನ್ನು ಬಿಚ್ಚಿದೆ. ಎರಡು ರಾತ್ರಿ ನಿದ್ದೆಯಿಲ್ಲದೆ ಕೊನೆಗೆ ಬಿಚ್ಚಿದೆ, ಬೈಯಬೇಡಿ. ಪಿಸ್ಟನ್ ಒಳತುದಿಯಲ್ಲಿ ಕಚ್ಚಿಕೊಂಡು ಬರಲೇ ಇಲ್ಲ, ಮರದ ತುಂಡು ಇಟ್ಟು ಬಡಿದೆ. ನೀವು ಕಳಿಸಿದ ಹೊಸ ರಬ್ಬರ್ ಕಪ್ ನನ್ನ ಹೆಬ್ಬೆರಳ ಮೇಲೆ ಟೋಪಿಯ ಹಾಗೆ ಕೂರುತ್ತದೆ. ಹಳೆಯದು ಅಣಬೆಯ ಹಾಗೆ ಊದಿ, ಅಂಚು ಸೊಟ್ಟಗಾಗಿ, ಮುಟ್ಟಿದರೆ ಬೆರಳಿಗೆ ಕಪ್ಪಾಗಿ ಅಂಟುತ್ತದೆ. ಹನ್ನೊಂದು ವರ್ಷದ ರಬ್ಬರು, ಹಾಗಾಗಿರಬಹುದು.

ಆದರೆ ಅದು ಹರಿದಿಲ್ಲ. ದೀಪಕ್ಕೆ ಹಿಡಿದು ನೋಡಿದೆ, ಎಲ್ಲೂ ತೂತಿಲ್ಲ. ಪೈಪೂ ಒಡೆದಿಲ್ಲ. ಹಾಗಿದ್ದರೆ ಬ್ರೇಕ್ ಹಿಡಿಯುತ್ತಿತ್ತು. ಅಲ್ಲವಾ?

ಒಂದು ಸಾಲು ಬರೆಯಿರಿ. ಹೌದು ಅಥವಾ ಇಲ್ಲ.

ಮುರಿಯೆಲ್


ಮೊಂತೆವಿದೇವೊ
೧೨ ಜುಲೈ ೧೯೮೭

ದೋನ್ ಎಲಾದಿಯೋ,

ಐದು ವಾರವಾಯಿತು. ನಿಮ್ಮಿಂದ ಏನಾದರೂ ಬಂತಾ ಎಂದು ಕೇಳೀ ಕೇಳೀ, ಬಸ್ ನಿಲ್ದಾಣದ ಪಾರ್ಸೆಲ್ ಕಿಟಕಿಯವರು ಈಗ ನನ್ನನ್ನು ದೂರದಿಂದ ಕಂಡರೇ ಇಲ್ಲವೆಂದು ತಲೆಯಾಡಿಸುತ್ತಾರೆ. ನಿಮ್ಮ ಆರೋಗ್ಯ ಸರಿಯಿಲ್ಲವೇನೋ ಎಂದು ಅಮ್ಮನಿಗೆ ಫೋನ್ ಮಾಡಿದಾಗ ಸುತ್ತಿಬಳಸಿ ಕೇಳಿದೆ. "ಎಲಾದಿಯೋಗೇನು, ಗುಂಡುಕಲ್ಲಿನ ಹಾಗಿದಾನೆ. ನಿನಗ್ಯಾಕೆ ಅವನ ಸುದ್ದಿ?" ಎಂದಳು.

ಹಾಗಾದರೆ ನಿಮ್ಮ ಮೌನವೇ ಉತ್ತರ. ಅರ್ಥವಾಯಿತು.

ಕಾರಿಗೆ ಮತ್ತೆ ಟಾರ್ಪಾಲು ಹೊದಿಸಿದ್ದೇನೆ. ಡ್ರೈವಿಂಗ್ ಬಿಟ್ಟೆ. ಈ ಜುಲೈ ಚಳಿಯಲ್ಲಿ ಸಮುದ್ರದ ದಂಡೆಯ ರಸ್ತೆಯಲ್ಲಿ ನಡೆಯುವಾಗ ಕಲ್ಲಿನ ಕಟ್ಟೆಯ ಕಡೆಗೆ ಹೋಗುವುದಿಲ್ಲ, ಮನೆಗಳ ಪಕ್ಕದಲ್ಲೇ ನಡೆಯುತ್ತೇನೆ. ನನ್ನ ಕಾಲುಗಳ ಮೇಲೆ ನನಗೆ ನಂಬಿಕೆಯಿಲ್ಲ. ಅಮ್ಮನಿಗೆ ಎಲ್ಲ ಮೊದಲೇ ಗೊತ್ತಿತ್ತು, ಅದಕ್ಕೇ ನನ್ನನ್ನು ಅಷ್ಟು ಚಿಕ್ಕವಳಿರುವಾಗಲೇ ದೂರ ಕಳಿಸಿದಳು.

ಹೊಸ ಸಾಮಾನನ್ನು ಭಾನುವಾರದ ಸಂತೆಯಲ್ಲಿ ಮಾರಿ ನಿಮ್ಮ ದುಡ್ಡು ಕಳಿಸುತ್ತೇನೆ.

ಮುರಿಯೆಲ್


ಮೊಂತೆವಿದೇವೊ
೨೦ ಜುಲೈ ೧೯೮೭

ದೋನ್ ಎಲಾದಿಯೋ,

ಭಾನುವಾರ ತ್ರಿಸ್ತಾನ್ ನಾರ್ವಾಹಾ ಬೀದಿಯ ಸಂತೆಗೆ ಹೋಗಿದ್ದೆ. ಹಳೆ ಕಾರಿನ ಸಾಮಾನು ಹರಡಿಕೊಂಡು ವಾಲ್ದೆಮಾರ್ ಎಂಬ ಮುದುಕರು ಕೂರುತ್ತಾರೆ. ಪೆಟ್ಟಿಗೆ ಸುರಿದಾಗ ಹೊಸದರ ಜೊತೆ ಹಳೆಯ ಕಪ್ಪೂ ಉರುಳಿತು. ಅವರು ಹೊಸದನ್ನು ಮುಟ್ಟಲೇ ಇಲ್ಲ. ಹಳೆಯದನ್ನು ಎತ್ತಿ ಮೂಸಿದರು, ಬೆರಳಲ್ಲಿ ಹಿಸುಕಿದರು.

"ಇದ್ಯಾವ ಕತ್ತೆ ಹಾಕಿದ್ದು ಮಗಾ?"

"ಏನನ್ನ?"

"ಮಿಷಿನ್ ಎಣ್ಣೆ. ಈ ರಬ್ಬರು ಹೊಟ್ಟೆ ಬಿರಿಯ ಎಣ್ಣೆ ಕುಡಿದಿದೆ ನೋಡು. ವಯಸ್ಸಾದ ರಬ್ಬರು ನನ್ನ ಹಾಗೆ ಒಣಗಿ ಸುಕ್ಕುಗಟ್ಟುತ್ತೆ, ಹೀಗೆ ಊದಲ್ಲ. ಬ್ರೇಕಿಗೆ ಇಂಥ ಎಣ್ಣೆ ಹಾಕಿದವನು ಗಾಡಿಯಲ್ಲಿ ಕೂತವನಿಗೆ ಗುಂಡಿ ತೋಡಿದ ಹಾಗೇನೇ."

ಏನನ್ನೂ ಮಾರದೆ ಪೆಟ್ಟಿಗೆ ವಾಪಸ್ ತಂದೆ. ಊದಿದ್ದು ಹಳೆಯದಾಗಿ ಅಲ್ಲ. ನಾನು ತೂತು ಹುಡುಕುತ್ತಿದ್ದೆ.

ಅಪ್ಪ ಬ್ರೇಕಿನ ಮುಚ್ಚಳವನ್ನು ತಾವೇ ತೆಗೆದವರಲ್ಲ. ಆ ವಾರ ಅದಕ್ಕೆ ಎಣ್ಣೆ ಹಾಕಿದವರು ಯಾರು?

ಮುರಿಯೆಲ್


ಫ್ರಾಯ್ ಬೆಂತೋಸ್
೨ ಆಗಸ್ಟ್ ೧೯೮೭

ಮುರಿಯೆಲ್,

ನಾನು.

ಆ ಕಾಲದಲ್ಲಿ ಹೊರದೇಶದ ಬ್ರೇಕ್ ಆಯಿಲ್ ನಮ್ಮೂರಿಗೆ ಬರುತ್ತಿರಲಿಲ್ಲ. ಔಷಧಿ ಅಂಗಡಿಯ ಹರಳೆಣ್ಣೆಗೆ ಅರ್ಧಕ್ಕರ್ಧ ಸ್ಪಿರಿಟ್ ಬೆರೆಸಿ ನಾವೇ ಮಾಡಿಕೊಳ್ಳುತ್ತಿದ್ದೆವು. ಎಲ್ಲ ಗರಾಜಿನಲ್ಲೂ ಅದೇ. ಅದನ್ನೊಂದು ಗ್ರಾಪಾ ಸಾರಾಯಿಯ ಖಾಲಿ ಬಾಟಲಿಯಲ್ಲಿ ಇಡುತ್ತಿದ್ದೆ. ಕಾರ್ಬುರೇಟರಿಗೆ ಬಿಡುವ ತೆಳು ಎಣ್ಣೆಯೂ ಅಂಥದೇ ಬಾಟಲಿಯಲ್ಲಿ ಇರುತ್ತಿತ್ತು. ಗುರುತಿಗೆ ಹರಳೆಣ್ಣೆಯದರ ಕುತ್ತಿಗೆಗೆ ಕೆಂಪು ನೂಲು. ಆ ಮಂಗಳವಾರ ನೂಲು ಕಳಚಿ ಬಿದ್ದಿತ್ತು. ಮೂಸಿದ್ದರೆ ತಿಳಿಯುತ್ತಿತ್ತು, ನನಗೆ ನೆಗಡಿ. ಎರಡು ಬೆರಳ ನಡುವೆ ತಿಕ್ಕಿದ್ದರೂ ತಿಳಿಯುತ್ತಿತ್ತು. ತಿಕ್ಕಲಿಲ್ಲ. ಇಪ್ಪತ್ತು ವರ್ಷ ಪಳಗಿದ ಕೈ, ಅದಕ್ಕೆ ಕಣ್ಣಿದೆ ಎಂಬ ಜಂಬ. ನಿಮ್ಮಪ್ಪ ಪಕ್ಕದಲ್ಲೇ ನಿಂತು ಏನೋ ತಮಾಷೆ ಹೇಳುತ್ತಿದ್ದರು, ನಾನು ನಗುತ್ತ ಸುರಿದೆ.

ಇದು ತಪ್ಪು. ಮುಂದಿನದನ್ನು ಏನೆಂದು ಕರೆಯಬೇಕೋ ನನಗೆ ಗೊತ್ತಿಲ್ಲ.

ಬುಧವಾರ ಬೆಳಿಗ್ಗೆ ಯಾರದೋ ಕಾರ್ಬುರೇಟರಿಗೆಂದು ಇನ್ನೊಂದು ಬಾಟಲಿ ಬಗ್ಗಿಸಿದರೆ ಹರಳೆಣ್ಣೆ ಅಂಟಂಟಾಗಿ ಇಳಿಯಿತು. ಆ ಕ್ಷಣವೇ ತಿಳಿಯಿತು. ಕಾರ್ಖಾನೆಯ ಗೇಟಿಗೆ ಸೈಕಲ್ಲಿನಲ್ಲಿ ಹನ್ನೆರಡು ನಿಮಿಷ. ನಾನು ಹೋಗಲಿಲ್ಲ. ಊರಲ್ಲಿ ಆ ಕಾರಿಗೆ ಕೈ ಹಾಕುವ ಒಬ್ಬನೇ ಮೇಸ್ತ್ರಿ ಎಂಬ ಹೆಸರಿತ್ತು ನನಗೆ. ಶನಿವಾರ ಹೇಗೂ ಬರುತ್ತಾರೆ, ಸದ್ದಿಲ್ಲದೆ ಬದಲಿಸಿದರಾಯಿತು ಎಂದುಕೊಂಡೆ. ಅವರು ಹೋದದ್ದು ಶುಕ್ರವಾರ.

ಎಣ್ಣೆ ಕುಡಿದು ರಬ್ಬರ್ ಊದಿದರೆ ಬ್ರೇಕ್ ಬಿಡದೆ ಕಚ್ಚಿಕೊಂಡೇ ಇರುತ್ತದೆ. ಓಡುತ್ತ ಓಡುತ್ತ ಚಕ್ರ ಕಾಯುತ್ತದೆ, ಒಳಗಿನ ಸ್ಪಿರಿಟ್ ಕುದಿದು ಆವಿಯಾಗುತ್ತದೆ. ಆಮೇಲೆ ಎಷ್ಟು ಒತ್ತಿದರೂ ಗಾಳಿಯನ್ನು ಒತ್ತಿದ ಹಾಗೆ, ಪೆಡಲ್ ನೆಲ ಮುಟ್ಟುತ್ತದೆ. ರಸ್ತೆಯ ಮೇಲೆ ಗುರುತು ಬೀಳುವುದು ಹೇಗೆ?

ಮಣ್ಣಾದ ಮೂರನೇ ದಿನ ದೋನ್ಯಾ ಸೆಲ್ವಾ ಗರಾಜಿಗೆ ಬಂದಿದ್ದರು. ಒಳಗೆ ಬರಲಿಲ್ಲ. "ಎಲಾದಿಯೋ, ಬ್ರೇಕ್ ಸರಿಯಿತ್ತಾ?" ಎಂದರು. "ಸರಿಯಿತ್ತಮ್ಮಾ, ನಾನೇ ನೋಡಿದ್ದೆ" ಎಂದೆ.

ನಿನ್ನ ಏಪ್ರಿಲ್ ಪತ್ರ ಬಂದ ದಿನದಿಂದ ಅನ್ನ ಸೇರುತ್ತಿಲ್ಲ. ನೀನು ಆ ಕಾರಿನಲ್ಲಿ ಕೂರುತ್ತೀ ಎಂಬ ಭಯ ಒಂದು ಕಡೆ, ಬಿಚ್ಚಿ ನೋಡುತ್ತೀ ಎಂಬ ಭಯ ಇನ್ನೊಂದು ಕಡೆ. ಯಾವುದು ದೊಡ್ಡದಿತ್ತು ಎಂದು ಕೇಳಬೇಡ.

ಎ. ಬೆಂತಾಂಕೋರ್


ಮೊಂತೆವಿದೇವೊ
೧೬ ಆಗಸ್ಟ್ ೧೯೮೭

ಎಲಾದಿಯೋ ಬೆಂತಾಂಕೋರ್ ಅವರಿಗೆ,

ನೀವು ಹೇಳಿಕೊಟ್ಟಂತೆ ಬಿಗಿದ ಒಂದೊಂದು ನಟ್ಟನ್ನೂ ಈ ವಾರ ಮತ್ತೆ ಬಿಚ್ಚಿದೆ. ವಾಲ್ದೆಮಾರ್ ಅವರನ್ನು ಕರೆದುತಂದು ತೋರಿಸಿದೆ. ಎಲ್ಲ ಸರಿಯಿದೆ ಎಂದರು. ನಂಬಿಕೆ ಬರಲಿಲ್ಲ, ಇನ್ನೊಮ್ಮೆ ಬಿಚ್ಚಿದೆ. ಇಷ್ಟು ದಿನ ಅಪ್ಪನ ಕಾಲಿಗೆ ಹೆದರುತ್ತಿದ್ದೆ. ಈಗ ನಿಮ್ಮ ಕೈಗೆ ಹೆದರುತ್ತೇನೆ.

ನಿಮ್ಮ ಗರಾಜಿನಿಂದ ಪ್ಲಾಸಾ ಚೌಕ ದಾಟಿದರೆ ಮೂರನೇ ಬೀದಿ ನಮ್ಮ ಮನೆ. ಹನ್ನೊಂದು ವರ್ಷದಿಂದ ಬೇಕರಿಯಲ್ಲಿ ಅವಳ ನಮಸ್ಕಾರ ತೆಗೆದುಕೊಳ್ಳುತ್ತಿದ್ದೀರಿ.

ಪತ್ರ ಬರೆಯಬೇಡಿ. ಪಾದ್ರಿಗಳ ಕೈಲಿ ಹೇಳಿಸಬೇಡಿ. ನೀವೇ ಹೋಗಿ, ಬಾಯಿಬಿಟ್ಟು ಹೇಳಿ. ಅವಳು ಇಲ್ಲಿಗೆ ಬರುವುದು ಸೆಪ್ಟೆಂಬರ್ ಇಪ್ಪತ್ತೊಂದಕ್ಕೆ.

ಮುರಿಯೆಲ್ ಹ್ಯಾಡ್ಲಿ


ಫ್ರಾಯ್ ಬೆಂತೋಸ್
೫ ಸೆಪ್ಟೆಂಬರ್ ೧೯೮೭

ಮುರಿಯೆಲ್,

ಎರಡು ಸಲ ಬಾಗಿಲವರೆಗೆ ಹೋಗಿ ತಿರುಗಿ ಬಂದೆ. ಮೂರನೇ ಸಲ ಅವರು ಹೊಸ್ತಿಲು ಗುಡಿಸುತ್ತಿದ್ದರು.

"ಏನ್ರೀ ದೋನ್ ಎಲಾದಿಯೋ, ಹೆಣ್ಣು ನೋಡೋಕೆ ಬಂದವರ ಹಾಗೆ ಮೂರು ದಿನದಿಂದ ನನ್ನ ಬೀದಿ ಅಳೀತಿದ್ದೀರಾ? ಈ ವಯಸ್ಸಲ್ಲಿ ನಾನಂತೂ ಒಪ್ಪಲ್ಲ" ಎಂದರು. ನಗುತ್ತಿದ್ದರು. ಆ ನಗುವಿಗೇ ಹೇಳಬೇಕಾಯಿತು.

ನಿಂತಲ್ಲೇ ಎಲ್ಲ ಹೇಳಿದೆ. ಬಾಟಲಿ, ನೂಲು, ಬುಧವಾರ, ನಾನು ಅವರಿಗೆ ಹೇಳಿದ ಸುಳ್ಳು, ನಿನ್ನ ಶೆಡ್ಡಿನಲ್ಲಿರುವ ಕಾರು, ಎಲ್ಲ. ಪೊರಕೆ ಕೈಯಲ್ಲೇ ಇತ್ತು. ಹೊಡೆಯುತ್ತಾರೆ ಎಂದುಕೊಂಡೆ. ಹೊಡೆದಿದ್ದರೆ ಚೆನ್ನಾಗಿತ್ತು.

"ಹಾಗಾದ್ರೆ ಒತ್ತಿದ್ನಾ?" ಎಂದರು.

"ಒತ್ತಿದ್ರಮ್ಮಾ. ಪಿಸ್ಟನ್ ಒಳತುದಿಯಲ್ಲೇ ಕಚ್ಚಿಕೊಂಡಿತ್ತಂತೆ, ಕಾಲು ಪೂರ್ತಿ ಒತ್ತದೆ ಅದು ಅಲ್ಲಿಗೆ ಹೋಗಲ್ಲ."

"ಹನ್ನೊಂದು ವರ್ಷ ಇಗರ್ಜಿಯಲ್ಲಿ ಸತ್ತವರ ಪ್ರಾರ್ಥನೆಗೆ ಅವನ ಹೆಸರು ಓದಿಸಿಲ್ಲ ನಾನು" ಎಂದರು. ನನಗೆ ಹೇಳಿದ್ದೋ ಯಾರಿಗೆ ಹೇಳಿದ್ದೋ. ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಚಿಲಕದ ಸದ್ದು ಕೇಳಿದ ಮೇಲೂ ನಾನು ಬಹಳ ಹೊತ್ತು ಅಲ್ಲೇ ನಿಂತಿದ್ದೆ.

ನಿನ್ನಿಂದ ನಾನು ಏನನ್ನೂ ಕೇಳುವುದಿಲ್ಲ.

ಎಲಾದಿಯೋ


ಮೊಂತೆವಿದೇವೊ
೨೧ ಸೆಪ್ಟೆಂಬರ್ ೧೯೮೭

ದೋನ್ ಎಲಾದಿಯೋ,

ನಿಮ್ಮನ್ನು ಕ್ಷಮಿಸಿದ್ದೇನೆ ಎಂದುಕೊಳ್ಳಬೇಡಿ. ಈ ಕಾರನ್ನು ಬಲ್ಲವರು ಬೇರೆ ಯಾರೂ ಇಲ್ಲದೆ ಬರೆಯುತ್ತಿದ್ದೇನೆ.

ಅಮ್ಮ ಬೆಳಗಿನ ಬಸ್ಸಿಗೆ ಬಂದಳು. ವಕೀಲರ ಹತ್ತಿರ ಹೋಗಲಿಲ್ಲ, ಕೋಟೂ ಕಳಚಲಿಲ್ಲ, "ಎಲ್ಲಿದೆ ಅದು?" ಎಂದು ನೇರ ಶೆಡ್ಡಿಗೆ ನಡೆದಳು. ಗುಜರಿಯವರನ್ನು ಕರೆಸುತ್ತಾಳೆ ಎಂದು ನಾನು ಟಾರ್ಪಾಲಿನ ತುದಿ ಹಿಡಿದು ನಿಂತಿದ್ದೆ. ಅವಳು ಕಾರನ್ನು ಒಂದು ಸುತ್ತು ಬಂದಳು.

"ನಿನ್ನ ಯಾಕೆ ಹಾಸ್ಟೆಲಿಗೆ ಹಾಕಿದೆ ಗೊತ್ತಾ? ನಿನಗೆ ಅವನದೇ ಮುಖ. ನನ್ನ ಬಿಟ್ಟು ಹೋದವನ ಮುಖ ದಿನಾ ತಿಂಡಿಗೆ ಎದುರಿಗೆ ಕೂರ್ತಿತ್ತು."

ಹೊಸ ಸಿಲಿಂಡರ್ ಕೂರಿಸಿ, ಎಣ್ಣೆ ತುಂಬಿ, ಪೈಪಿನೊಳಗಿನ ಗಾಳಿ ತೆಗೆಯುವುದೊಂದು ಬಾಕಿಯಿತ್ತು. ಅದಕ್ಕೆ ಇಬ್ಬರು ಬೇಕು, ಒಬ್ಬರು ಪೆಡಲಿಗೆ, ಒಬ್ಬರು ಚಕ್ರದ ಹತ್ತಿರ ಗಾಳಿ ಬಿಡುವ ನಿಪ್ಪಲ್ ತೆರೆದು ಮುಚ್ಚಲು. ಬಾಯಿಗೆ ಬಂದದ್ದು ಅದೊಂದೇ: "ಅಮ್ಮಾ, ಸ್ವಲ್ಪ ಒಳಗೆ ಕೂತು ಪೆಡಲ್ ಒತ್ತುತ್ತೀಯಾ?"

ಅವಳು ಚಪ್ಪಲಿ ಬಿಟ್ಟು ಅಪ್ಪನ ಸೀಟಿನಲ್ಲಿ ಕೂತಳು. ನಾನು ಕೆಳಗೆ ಮಲಗಿ "ಒತ್ತು" ಎಂದರೆ ಅವಳು "ಒತ್ತಿದೆ" ಎನ್ನಬೇಕು. ಆಗ ನಾನು ತೆರೆದು, ಗುಳ್ಳೆ ಬಿಟ್ಟು, ಮುಚ್ಚಿ, "ಬಿಡು" ಎನ್ನಬೇಕು. ಮೂರು ಚಕ್ರ ಹಾಗೇ ಮುಗಿಯಿತು. ನಾಲ್ಕನೆಯದರಲ್ಲಿ ಗುಳ್ಳೆ ನಿಂತು ಎಣ್ಣೆ ತಿಳಿಯಾಗಿ ಬಂತು. "ಸಾಕಮ್ಮಾ" ಎಂದೆ.

"ಒತ್ತಿದೆ" ಎಂದಳು.

"ಅಮ್ಮಾ, ಆಯ್ತು."

"ಒತ್ತಿದೆ. ಒತ್ತಿದೆ."

ನಿಲ್ಲಿಸು ಎನ್ನಲು ನನ್ನಿಂದಾಗಲಿಲ್ಲ. ಅವಳು ಒತ್ತಿದಾಗಲೆಲ್ಲ ನಾನು ತೆರೆದೆ, ಬಿಟ್ಟಾಗಲೆಲ್ಲ ಮುಚ್ಚಿದೆ. ಎರಡನೇ ಡಬ್ಬವೂ ಖಾಲಿಯಾಗಿ, ಎಣ್ಣೆಯೆಲ್ಲ ನೆಲಕ್ಕೆ ಹರಿದು, ಪೈಪಿನ ತುಂಬ ಮತ್ತೆ ಗಾಳಿ ಸೇರಿಕೊಂಡಿದೆ.

ಈಗ ಮೊದಲಿನಿಂದ ಶುರುಮಾಡಬೇಕಾ? ದೂರದ ಚಕ್ರದಿಂದಲೇನಾ? ಇನ್ನೆಷ್ಟು ಡಬ್ಬ ಬೇಕಾದೀತು? ಬೇಗ ಬರೆಯಿರಿ. ಈ ಕಾರನ್ನು ರಸ್ತೆಗಿಳಿಸಲು ನನಗೆ ಈಗಲೂ ಭಯ, ಆದರೆ ಅಮ್ಮ ಸೀಟು ಬಿಟ್ಟು ಏಳುತ್ತಿಲ್ಲ. ಇದನ್ನು ನೆಲದ ಮೇಲೆ, ಚಕ್ರಕ್ಕೆ ಒರಗಿ ಬರೆಯುತ್ತಿದ್ದೇನೆ. ಒಳಗಿನಿಂದ ಪೆಡಲಿನ ಸದ್ದು ಇನ್ನೂ ಕೇಳುತ್ತಿದೆ.

ಮುರಿಯೆಲ್